ಬ್ಯಾಂಕಿನ ಪಟ್ಟಿಯಲ್ಲಿ ನಮ್ಮವರು

ನಮ್ಮವರು ತೀರಿಕೊಂಡ ಮೇಲೆ ಬ್ಯಾಂಕು ಅವರನ್ನು ತೆಗೆದುಹಾಕಿತು. ಸತ್ತವರನ್ನು ಮತ್ತೆಲ್ಲಿಂದ ತೆಗೆದುಹಾಕುತ್ತಾರೆ ಎಂದು ಕೇಳಿದರೆ, ಪ್ಯಾನೆಲ್‌ನಿಂದ.

ಈ ಪ್ಯಾನೆಲ್ ಎಂಬ ಮಾತು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದಿನವೂ ಓಡಾಡಿದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆ ಕೊಳ್ಳಲು ಸಾಲ ಕೊಡುವ ಬ್ಯಾಂಕು ಆ ಮನೆಯ ಕಾಗದಗಳನ್ನು ತಾನೇ ಓದುವುದಿಲ್ಲ. ಅದಕ್ಕೆಂದು ಕೆಲವು ವಕೀಲರ ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯೇ ಪ್ಯಾನೆಲ್. ಸಾಲ ಕೇಳಿದವರ ಕಾಗದಗಳು ಆ ಪಟ್ಟಿಯಲ್ಲಿರುವ ಒಬ್ಬರ ಮೇಜಿಗೆ ಬರುತ್ತವೆ. ಆ ಜಾಗ ಹಿಂದಿನ ಮೂವತ್ತು ವರ್ಷಗಳಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದರ ಮೇಲೆ ಅಡಮಾನವಿದೆಯೇ, ವ್ಯಾಜ್ಯವಿದೆಯೇ, ಮಾರುತ್ತಿರುವವನಿಗೆ ಮಾರುವ ಹಕ್ಕು ನಿಜವಾಗಿಯೂ ಇದೆಯೇ ಎಂದು ನೋಡಿ ಅವರು ಒಂದು ಅಭಿಪ್ರಾಯ ಬರೆದುಕೊಡಬೇಕು. ಆ ಸಹಿ ಬಿದ್ದರೆ ಸಾಲ, ಇಲ್ಲದಿದ್ದರೆ ಇಲ್ಲ. ನಮ್ಮವರು ಆ ಸಹಿ ಹಾಕುವವರಾಗಿದ್ದರು.

ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು. ನಂಜನಗೂಡಿನಿಂದ ಮದುವೆಯಾಗಿ ತಿರುವಲ್ಲಿಕೇಣಿಯ ಈ ಮನೆಗೆ ಬಂದೆ. ಇವರ ಮನೆಯವರು ತಲೆಮಾರುಗಳಿಂದ ಮದ್ರಾಸಿನವರು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುವವರು. ಕಾನೂನು ನನಗೆ ತಿಳಿದದ್ದು, ಮುಂದಿನ ಕೋಣೆಯಲ್ಲಿ ಅವರು ಜೋರಾಗಿ ಓದಿಕೊಳ್ಳುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿದಷ್ಟು ಮಾತ್ರ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ನಾನು ಅವರ ಹೆಸರು ಹೇಳುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹಳೆಯ ಕಾಲದ ಮಾತು ಎಂದು ಮಗಳು ನಗುತ್ತಾಳೆ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದಾಗ ಒಮ್ಮೆ ಹೇಳಿದ್ದೆ. ಆಮೇಲೆ ‘ಏನ್ರೀ’ ಎಂದರೆ ಅವರು, ‘ನಮ್ಮವರು’ ಎಂದರೆ ಅವರು. ಆಸ್ಪತ್ರೆಯಲ್ಲಿ ರೋಗಿಯ ಹೆಸರು ಕೇಳಿದಾಗಲೂ ಮಗಳ ಮುಖ ನೋಡುತ್ತಿದ್ದೆ, ಅವಳು ಹೇಳುತ್ತಿದ್ದಳು.

ಅವರ ಹೆಸರು ಕೆಟ್ಟವರ ನಡುವೆ ಸೇರಿದೆ ಎಂದು ನನಗೆ ತಿಳಿದದ್ದು ತಾಂಬರಂನಿಂದ ಬಂದ ಒಂದು ಫೋನಿನಿಂದ. ವರ್ಷಾಬ್ದಿಕ ಇನ್ನೂ ಆಗಿರಲಿಲ್ಲ. ಫೋನು ಮಾಡಿದವರು ಅಲ್ಲಿಯ ಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರು. ಕೆಲವು ವರ್ಷಗಳ ಹಿಂದೆ ಇವರ ಅಭಿಪ್ರಾಯದ ಮೇಲೆ ಸಾಲ ಪಡೆದು ಮನೆ ಕೊಂಡವರು. ಈಗ ಸಾಲವನ್ನು ಬಡ್ಡಿ ಕಡಿಮೆ ಇರುವ ಬೇರೊಂದು ಬ್ಯಾಂಕಿಗೆ ವರ್ಗಾಯಿಸಲು ಹೊರಟಿದ್ದರು. ಆ ಬ್ಯಾಂಕಿನವರು ಕಾಗದಗಳನ್ನು ವಾಪಸು ಕಳಿಸಿದ್ದರು. ನಿಮ್ಮ ಮನೆಯ ಕಾಗದ ಸರಿ ಇದೆ ಎಂದು ಬರೆದುಕೊಟ್ಟ ವಕೀಲರೇ ತೆಗೆದುಹಾಕಿದವರ ಪಟ್ಟಿಯಲ್ಲಿದ್ದಾರೆ ಎಂದಿದ್ದರು.

ಮಾಸ್ತರಿಗೆ ಸಿಟ್ಟು ಬಂದಿರಲಿಲ್ಲ, ಭಯವಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಸಾರ್ ಮೇಲೆ ಏನಾದರೂ ಕೇಸಾ?” ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

ಅಂದು ಸಂಜೆ ಅಡ್ಯಾರಿನಿಂದ ಮಗಳು ಬಂದಳು. ಅವಳು ಅಲ್ಲಿ ಗಂಡನ ಜೊತೆ ಇರುತ್ತಾಳೆ, ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ತನ್ನ ಫೋನಿನಲ್ಲಿ ಹುಡುಕಿ ಆ ಪಟ್ಟಿಯನ್ನು ತೆಗೆದಳು. ಹೆಸರು, ಊರು, ತೆಗೆದುಹಾಕಿದ ಕಾರಣ. ಇವರ ಮೇಲಿನ ಸಾಲಿನಲ್ಲಿದ್ದವನು ಖೋಟಾ ಕ್ರಯಪತ್ರಕ್ಕೆ ಸಹಿ ಹಾಕಿದವನು. ಕೆಳಗಿನ ಸಾಲಿನಲ್ಲಿದ್ದವನು ಸರ್ಕಾರಿ ಪೊರಂಬೋಕು ಜಾಗವನ್ನು ಖಾಸಗಿ ಜಾಗ ಎಂದು ಬರೆದುಕೊಟ್ಟವನು. ನಡುವೆ ಇವರು. ಕಾರಣ, ‘ಷರತ್ತು ಪೂರೈಸಿಲ್ಲ. ಕಚೇರಿ ಪರಿಶೀಲನೆ ತೃಪ್ತಿಕರವಾಗಿಲ್ಲ.’

ಮಗಳು ಫೋನನ್ನು ಮಗುಚಿಟ್ಟಳು. “ವಿಡು ಮ್ಮಾ, ಯಾರು ಪಾಕ್ಕಪ್ಪೋರಾ?” ಎಂದಳು. ಬಿಡಮ್ಮ, ಅದನ್ನ ಯಾರು ನೋಡ್ತಾರೆ ಎಂದು. ತಾಂಬರಂನವರು ನೋಡಿದ್ದಾರಲ್ಲ ಎಂದೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಅವರು ತೀರಿಕೊಂಡಿದ್ದಾರೆ, ತೆಗೆದುಹಾಕಿಸಿಕೊಂಡವರಲ್ಲ. ಅಲ್ಲಿ ಹಾಗೆಂದು ಬರೆಯಬೇಕು. ಅಷ್ಟೇ.

ಷರತ್ತು ಪೂರೈಸಿಲ್ಲವಂತೆ. ಆ ಮಾತು ಓದಿದಾಗಿನಿಂದ ಎದೆಯಲ್ಲಿ ಹತ್ತಿದ ಉರಿ ಇನ್ನೂ ಆರಿಲ್ಲ. ಬ್ಯಾಂಕಿನ ಷರತ್ತುಗಳನ್ನು ಪೂರೈಸಿ ಪೂರೈಸಿಯೇ ನಮ್ಮ ಸಂಸಾರ ನಡೆದದ್ದು. ಪ್ಯಾನೆಲ್‌ಗೆ ಸೇರಬೇಕಾದರೆ ಇಷ್ಟು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿರಬೇಕು, ಬಾರ್ ಕೌನ್ಸಿಲ್‌ನಿಂದ ನಡತೆಯ ಸರ್ಟಿಫಿಕೇಟು ತರಬೇಕು, ತನ್ನ ಮೇಲೆ ಯಾವ ದೂರೂ ಇಲ್ಲ ಎಂದು ಪ್ರಮಾಣಪತ್ರ ಕೊಡಬೇಕು, ಇಬ್ಬರು ಹಿರಿಯ ವಕೀಲರು ಇವರು ಒಳ್ಳೆಯವರು ಎಂದು ಬರೆದುಕೊಡಬೇಕು. ಅಭಿಪ್ರಾಯ ತಪ್ಪಾಗಿ ಬ್ಯಾಂಕಿಗೆ ನಷ್ಟವಾದರೆ ನಾನೇ ಹೊಣೆ ಎಂದು ಬಾಂಡ್ ಬರೆದುಕೊಡಬೇಕು. ಕಚೇರಿಗೆ ಬೇರೆ ಬಾಗಿಲಿರಬೇಕು, ರಸ್ತೆಗೆ ಕಾಣುವಂತೆ ಬೋರ್ಡಿರಬೇಕು.

ಬೇರೆ ಬಾಗಿಲು ಎಲ್ಲಿಂದ ಬರಬೇಕು? ನಮ್ಮದು ಒಂದರ ಹಿಂದೊಂದು ಕೋಣೆಗಳಿರುವ ಉದ್ದನೆಯ ಹಳೆಯ ಮನೆ. ಇರುವುದೊಂದೇ ಬಾಗಿಲು. ಇವರು ಮುಂದಿನ ಕೋಣೆಯ ಕಿಟಕಿ ಒಡೆಸಿ ಅಲ್ಲೊಂದು ಬಾಗಿಲು ಇಡಿಸಿದರು. ಆ ಕಿಟಕಿಯ ಕಟ್ಟೆಯ ಮೇಲೆ ನಮ್ಮ ಅತ್ತೆಯವರು ತುಳಸಿ ಕುಂಡ ಇಟ್ಟಿದ್ದರು. ಅದನ್ನು ಹಿಂದುಗಡೆ ಬಾವಿಯ ಹತ್ತಿರ ಸಾಗಿಸಿದೆವು. ಬಾವಿಯ ಹತ್ತಿರ ಬಿಸಿಲು ಬೀಳುವುದಿಲ್ಲ. ಗಿಡ ಉಳಿಯಲಿಲ್ಲ. ಆ ಹೊಸ ಬಾಗಿಲಿನಿಂದ ಅತ್ತೆಯವರು ಒಂದು ಸಲವೂ ಓಡಾಡಲಿಲ್ಲ.

ಪ್ಯಾನೆಲ್‌ನಲ್ಲಿದ್ದವರು ಆ ಬ್ಯಾಂಕಿನ ವಿರುದ್ಧ ಯಾರ ಪರವಾಗಿಯೂ ಕೋರ್ಟಿಗೆ ಹೋಗುವಂತಿಲ್ಲ. ಅದೂ ಒಂದು ಷರತ್ತು. ನಮ್ಮ ಬೀದಿಯಲ್ಲೇ ಒಬ್ಬರಿದ್ದರು, ಇವರ ಬಾಲ್ಯದ ಗೆಳೆಯನ ಹೆಂಡತಿ. ಗೆಳೆಯ ಹೋದ ಮೇಲೆ ಬ್ಯಾಂಕು ಅವರ ಮನೆಗೆ ಹರಾಜಿನ ನೋಟೀಸು ಅಂಟಿಸಿತು. ಆಕೆ ನೇರ ನಮ್ಮ ಮನೆಗೇ ಬಂದರು, ಬೇರೆಲ್ಲಿಗೆ ಹೋಗುತ್ತಾರೆ. ಅದು ಇದೇ ಬ್ಯಾಂಕು. ಇವರು ಆ ನೋಟೀಸನ್ನು ಓದಿ, ಮಡಿಸಿ, ಬೇರೊಬ್ಬ ವಕೀಲರ ವಿಳಾಸ ಬರೆದುಕೊಟ್ಟರು. ಆಕೆ ಇವರನ್ನೊಮ್ಮೆ ನೋಡಿ ಎದ್ದುಹೋದರು. ಅಂದು ಮಧ್ಯಾಹ್ನ ಇವರು ಎಲೆಯ ಮುಂದೆ ಕೂತು ಹಾಗೇ ಎದ್ದರು. ನೀವು ಬ್ಯಾಂಕಿಗೆ ಕೊಟ್ಟಷ್ಟು ನಿಯತ್ತು ಬ್ಯಾಂಕು ನಿಮಗೆ ಕೊಡುತ್ತದೆಯೇ ಎಂದು ನಾನು ಕೇಳಿದೆ. ಕೈ ತೊಳೆಯುತ್ತ, “ಅದು ಹಾಗಲ್ಲ ಕಣೇ” ಎಂದರು. ಹೇಗೆ ಎಂದು ಹೇಳಲಿಲ್ಲ. ಈಗ ಅವರಿಲ್ಲ, ನನಗೆ ಆ ಉತ್ತರದ ಮೇಲೂ ಸಿಟ್ಟಿದೆ.

ಆದರೆ ಕೆಲಸ ಹೇಗೆ ಮಾಡಿದರು ಎಂಬುದರ ಮೇಲೆ ನನಗೆ ಸಿಟ್ಟಿಲ್ಲ. ಅವರದ್ದೊಂದು ಪದ್ಧತಿ ಇತ್ತು. ತಂದೆ ತೀರಿಕೊಂಡ ಮೇಲೆ ಮಕ್ಕಳು ಮಾರುತ್ತಿರುವ ಜಾಗವಾದರೆ, ತಹಶೀಲ್ದಾರರು ಕೊಟ್ಟ ವಾರಸುದಾರರ ಸರ್ಟಿಫಿಕೇಟು ನೋಡಿ ಎಲ್ಲ ವಕೀಲರೂ ಸಹಿ ಹಾಕುತ್ತಾರೆ. ಇವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಆ ಬೀದಿಗೆ ಹೋಗುತ್ತಿದ್ದರು. ಎದುರು ಮನೆಯ, ಪಕ್ಕದ ಮನೆಯ ಹೆಂಗಸರನ್ನು ಮಾತಿಗೆಳೆದು, ಈ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ, ಯಾರು ಯಾವ ಊರಿಗೆ ಹೋದರು ಎಂದು ಕೇಳುತ್ತಿದ್ದರು. ಸಂಬಂಧ ನೋಡಲು ಬಂದವರೆಂದು ತಿಳಿದು ಕಾಫಿ ಕೊಟ್ಟವರೂ ಇದ್ದಾರೆ.

“ಗಂಡುಮಕ್ಕಳು ಸ್ಟಾಂಪ್ ಪೇಪರ್ ತರೋ ಹೊತ್ತಿಗೆ ಹೆಣ್ಣುಮಕ್ಕಳನ್ನ ಮರೆತಿರ್ತಾರೆ,” ಎನ್ನುತ್ತಿದ್ದರು. “ಎದುರುಮನೆ ಮಾಮಿ ಮರೆಯೋದಿಲ್ಲ. ಅವರೇ ನನ್ನ ರಿಜಿಸ್ಟ್ರಾರು.”

ಹೀಗೆ ಮದುವೆಯಾಗಿ ದೂರ ಹೋದ ಅಕ್ಕಂದಿರು, ಮನೆಯವರ ಜೊತೆ ಮಾತು ಬಿಟ್ಟ ತಂಗಿಯರು ಎಷ್ಟೋ ಜನ ಕಾಗದದೊಳಗೆ ವಾಪಸು ಬಂದರು. ಕೆಲವು ಕಡೆ ಸಹಿ ಇರುತ್ತಿತ್ತು, ಆದರೆ ಅದು ಅಕ್ಕನ ಸಹಿಯಲ್ಲ, ಅಕ್ಕನ ಹೆಸರಿನಲ್ಲಿ ತಮ್ಮ ಹಾಕಿದ್ದು. ಅಂಥ ಕಾಗದ ಸಿಕ್ಕ ದಿನ ಅವರು ಮನೆಗೆ ಬಂದು ಚಪ್ಪಲಿ ಬಿಡುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ತಿರುವೊಟ್ಟಿಯೂರಿನ ಜಾಗದ ವಿಷಯದಲ್ಲಿ ಇದೇ ಆಯಿತು. ಸಮುದ್ರದ ಕಡೆ, ಕಾರ್ಖಾನೆಗಳ ಹಿಂದೆ ಒಂದು ಕುಟುಂಬದ ಜಾಗ. ಬಿಲ್ಡರ್ ಒಬ್ಬ ಕೊಂಡು ಫ್ಲ್ಯಾಟು ಕಟ್ಟುತ್ತಿದ್ದ. ಬ್ಯಾಂಕು ಆ ಫ್ಲ್ಯಾಟುಗಳಿಗೆಲ್ಲ ತಾನೇ ಸಾಲ ಕೊಡಲು ಕಾದಿತ್ತು. ಇವರು ಆ ಬೀದಿಗೆ ಹೋಗಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರನ್ನು ಕೇಳಿದರು. ಆ ಮನೆಯ ದೊಡ್ಡ ಮಗಳು ಬೇರೆ ಜಾತಿಯವನನ್ನು ಮದುವೆಯಾಗಿ ಹೋದವಳು, ಆಮೇಲೆ ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿಲ್ಲ ಎಂದು ಆಕೆ ಹೇಳಿದರು. ವಾರಸುದಾರರ ಸರ್ಟಿಫಿಕೇಟಿನಲ್ಲಿ ಆ ಮಗಳು ಇರಲಿಲ್ಲ. ಅವಳ ಸಹಿ ಬರುವವರೆಗೆ ಅಭಿಪ್ರಾಯ ಕೊಡುವುದಿಲ್ಲ ಎಂದು ಇವರು ಬರೆದರು.

ಬ್ರಾಂಚ್ ಮ್ಯಾನೇಜರು ಮನೆಗೇ ಬಂದರು. ನಾನು ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತೆ. ಆತ ಒಳ್ಳೆಯ ಮಾತಿನವರೇ. ತಿಂಗಳ ಕೊನೆ, ಮೇಲಿನಿಂದ ಒತ್ತಡ, ಬಿಲ್ಡರು ದೊಡ್ಡ ಪಾರ್ಟಿ ಎಂದೆಲ್ಲ ಹೇಳಿದರು. ಆ ಮಗಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ಅವಳು ಕೇಳಿಕೊಂಡು ಬಂದಾಗ ನೋಡಿಕೊಳ್ಳೋಣ ಎಂದರು.

“ಸಾರ್, ಸಣ್ಣದಾಗಿ ಒಂದು ಸಾಲು ಹಾಕಿ ಸೈನ್ ಮಾಡಿಬಿಡಿ. ನಿಮಗೂ ಸೇಫ್, ನಮಗೂ ಸೇಫ್.”

“ಆ ಹೆಣ್ಣುಮಗಳಿಗೆ?” ಎಂದರು ಇವರು.

ಮ್ಯಾನೇಜರು ನಕ್ಕರು. “ನೀವು ಬ್ಯಾಂಕ್ ವಕೀಲರೋ, ಅವಳ ವಕೀಲರೋ?”

ಇವರು ನಗಲಿಲ್ಲ. ಕಾಫಿ ಕುಡಿದು ಮುಗಿಸಲಿ ಎಂದು ಕಾದು, ಕಾಗದದ ಕಟ್ಟನ್ನು ಕಟ್ಟಿ ಅವರ ಕೈಗೇ ಕೊಟ್ಟುಬಿಟ್ಟರು. ಆ ಕಟ್ಟು ಬೇರೊಬ್ಬ ಪ್ಯಾನೆಲ್ ವಕೀಲರಿಗೆ ಹೋಯಿತು, ಸಹಿಯೂ ಬಿತ್ತು. ಆ ಮಗಳು ಏನಾದಳೋ ನನಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಗೆ ಕಾಗದಗಳು ಬರುವುದು ನಿಂತಿತು. ಯಾರೂ ಜಗಳ ಮಾಡಲಿಲ್ಲ, ಬೇಡ ಎನ್ನಲಿಲ್ಲ. ಸುಮ್ಮನೆ ಬರಲಿಲ್ಲ. ಇವರು ಬೆಳಿಗ್ಗೆ ಸ್ನಾನ ಮಾಡಿ, ಅಂಗಾರ ಅಕ್ಷತೆ ಇಟ್ಟುಕೊಂಡು, ಬಿಳಿ ಶರ್ಟು ಹಾಕಿ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಬ್ರಾಂಚಿಗೆ ಹೋಗಿ ಕೇಳಿದರೆ, ಈ ತಿಂಗಳು ಲೋನೇ ಇಲ್ಲ ಸಾರ್ ಎನ್ನುತ್ತಿದ್ದರಂತೆ.

ಪ್ಯಾನೆಲ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಎಂದೇನಿಲ್ಲ ಎಂದು ಬ್ಯಾಂಕಿನ ಕರಾರಿನಲ್ಲಿದೆ. ಪ್ಯಾನೆಲ್‌ನಲ್ಲಿ ಉಳಿಯಬೇಕಾದರೆ ವರ್ಷಕ್ಕೆ ಇಂತಿಷ್ಟು ಅಭಿಪ್ರಾಯ ಕೊಟ್ಟಿರಲೇಬೇಕು ಎಂದೂ ಅದೇ ಕರಾರಿನಲ್ಲಿದೆ. ಹತ್ತನೇ ಕ್ಲಾಸು ಓದಿದ ನನಗೂ ಇದರ ಅರ್ಥವಾಗುತ್ತದೆ. ಎಲೆ ಹಾಕದೆ ಕೂರಿಸಿ, ಊಟ ಮಾಡಲಿಲ್ಲ ಎಂದು ಎಬ್ಬಿಸಿ ಕಳಿಸುವುದು. ಇದನ್ನು ಬರೆದವರಿಗೆ ಓದು ಕಡಿಮೆಯೇನೂ ಇರಲಿಕ್ಕಿಲ್ಲ.

ಅದೇ ಹೊತ್ತಿಗೆ ಇವರಿಗೆ ಕಿಡ್ನಿ ತೊಂದರೆ ಶುರುವಾಯಿತು. ವಾರದಲ್ಲಿ ಮೂರು ದಿನ ಡಯಾಲಿಸಿಸ್. ಪ್ಯಾನೆಲ್ ನವೀಕರಣದ ವರ್ಷವೂ ಅದೇ ಆಗಿತ್ತು. ಮತ್ತೆ ನಡತೆಯ ಸರ್ಟಿಫಿಕೇಟು, ಪ್ರಮಾಣಪತ್ರ, ಬಾಂಡ್, ಹಿರಿಯರಿಬ್ಬರ ಪತ್ರ. ಆ ಹಿರಿಯರಲ್ಲಿ ಒಬ್ಬರು ತೀರಿಕೊಂಡಿದ್ದರು, ಬೇರೊಬ್ಬರನ್ನು ಹುಡುಕಬೇಕಾಯಿತು. ಒಂದು ತೋಳಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಹಾಕಿದ್ದರೆ ಇನ್ನೊಂದು ಕೈಯಲ್ಲಿ ಸಹಿ ಮಾಡುತ್ತಿದ್ದರು. ನಾನು ಕೆಳಗೆ ಪ್ಯಾಡು ಹಿಡಿದಿರುತ್ತಿದ್ದೆ. ಬಿಟ್ಟುಬಿಡಿ, ಏನು ಸಿಕ್ಕಿತು ಇದರಿಂದ ಎಂದೆ. “ತೆಗೆದರು ಅಂತ ಆಗಬಾರದು ಕಣೇ. ನಾನೇ ಬಿಟ್ಟೆ ಅಂತ ಬೇಕಾದರೆ ಆಗಲಿ. ಹುಷಾರಾಗಲಿ, ಬಿಡ್ತೀನಿ,” ಎಂದರು.

ನಾವು ಆಸ್ಪತ್ರೆಯಲ್ಲಿದ್ದ ಒಂದು ಬೆಳಿಗ್ಗೆ ಬ್ಯಾಂಕು ಗೊತ್ತುಮಾಡಿದ ಏಜೆನ್ಸಿಯವರು ಕಚೇರಿ ನೋಡಲು ಬಂದರು. ಮೊದಲೇ ತಿಳಿಸಿರಲಿಲ್ಲ, ತಿಳಿಸದೇ ಬರುವುದೇ ಅವರ ನಿಯಮವಂತೆ. ಬಾಗಿಲಿಗೆ ಬೀಗ. ಕಿಟಕಿ ಒಡೆದು ಇಟ್ಟ ಆ ಬಾಗಿಲಿಗೆ. ಫೋಟೋ ತೆಗೆದುಕೊಂಡು ಹೋದರು. ‘ಕಚೇರಿ ನಡೆಯುತ್ತಿಲ್ಲ’ ಎಂದು ಬರೆದರು. ಇದು ನಮಗೆ ಪಕ್ಕದ ಮನೆಯವರಿಂದ ತಿಳಿದು, ಇವರು ಆಸ್ಪತ್ರೆಯ ಕಾಗದಗಳನ್ನೆಲ್ಲ ಸೇರಿಸಿ ಬ್ಯಾಂಕಿಗೆ ಕಳಿಸಿದರು. ಉತ್ತರ ಬರುವ ಮೊದಲೇ, ಐಪ್ಪಸಿ ತಿಂಗಳ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಹೋಗಿಬಿಟ್ಟರು. ಉತ್ತರ ಕಡೆಗೂ ಬರಲಿಲ್ಲ. ಪಟ್ಟಿ ಬಂತು.

ತಾಂಬರಂನವರ ಫೋನು ಬಂದ ಮೇಲೆ ನಾನು ಮರಣದ ಸರ್ಟಿಫಿಕೇಟು ಹಿಡಿದು ಬ್ಯಾಂಕಿನ ದೊಡ್ಡ ಆಫೀಸಿಗೆ ಹೋದೆ. ಮಗಳು ರಜಾ ಹಾಕಿ ಬರುತ್ತೇನೆಂದಳು, ಬೇಡ ಎಂದೆ. ಅಲ್ಲಿ ವಕೀಲರ ಪ್ಯಾನೆಲ್ ನೋಡಿಕೊಳ್ಳುವ ಅಧಿಕಾರಿಯ ಮುಂದೆ ಕಾದು ಕುಳಿತೆ. ನನ್ನ ಸರದಿ ಬಂದಾಗ ಆತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ವಕೀಲರ ಹೆಸರೇನು ಎಂದರು. ನಾನು ಸರ್ಟಿಫಿಕೇಟನ್ನು ಮುಂದಿಟ್ಟೆ. ಆತ ನೋಡಲಿಲ್ಲ.

“ಹೆಸರು ಹೇಳಿ ಮೇಡಂ. ಟೈಪ್ ಮಾಡಬೇಕು.”

ಮಗಳು ಪಕ್ಕದಲ್ಲಿರಲಿಲ್ಲ. ಅವಳನ್ನು ಬೇಡ ಎಂದವಳು ನಾನೇ. ಹೊಸಿಲ ಮೇಲೆ ನಿಂತು ನಾದಿನಿಯರ ನಗುವಿನ ನಡುವೆ ಹೇಳಿದ ಆ ಹೆಸರನ್ನು ಎರಡನೆಯ ಸಲ ಬ್ಯಾಂಕಿನ ಕುರ್ಚಿಯಲ್ಲಿ ಕೂತು, ಮುಖ ಕೂಡ ಎತ್ತಿ ನೋಡದ ಒಬ್ಬ ಮನುಷ್ಯನಿಗೆ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

ಆತ ಹುಡುಕಿ, ಹೌದು, ತೆಗೆದುಹಾಕಲಾಗಿದೆ ಎಂದರು. ತೀರಿಕೊಂಡಿದ್ದಾರೆ ಎಂದೆ. ಅದು ಸರಿ ಮೇಡಂ, ಆದರೆ ನಮ್ಮ ಸಿಸ್ಟಮಿನಲ್ಲಿ ಅದಕ್ಕೆ ಜಾಗ ಇಲ್ಲ ಎಂದರು. ಬದಲಾವಣೆ ಏನಿದ್ದರೂ ವಕೀಲರೇ ತಮ್ಮ ಲಾಗಿನ್‌ನಿಂದ ಕೇಳಬೇಕಂತೆ, ಅವರ ಮೊಬೈಲಿಗೆ ಬರುವ ನಂಬರನ್ನು ಹಾಕಬೇಕಂತೆ. ಅವರ ಮೊಬೈಲು ನನ್ನ ಚೀಲದಲ್ಲೇ ಇತ್ತು. ಈಗಲೂ ಅದನ್ನು ದಿನವೂ ಚಾರ್ಜಿಗೆ ಹಾಕುತ್ತೇನೆ.

ಮನೆಗೆ ಬಂದ ಮೇಲೆ ಮಗಳು ಅದರಲ್ಲಿ ಅವರ ಲಾಗಿನ್ ತೆರೆದು ನೋಡಿದಳು. ಮೂರು ಆಯ್ಕೆಗಳಿದ್ದವು. ಪ್ಯಾನೆಲ್‌ಗೆ ರಾಜೀನಾಮೆ, ಮತ್ತೆ ಸೇರಲು ಅರ್ಜಿ, ಕಚೇರಿಯ ಮರುಪರಿಶೀಲನೆ. ಸತ್ತವರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂದು ಅಮ್ಮ ಮಗಳು ಕುಳಿತು ಯೋಚಿಸಿದೆವು. ಪರಿಶೀಲನೆ ತಪ್ಪಾಗಿ ಆದದ್ದು ತಾನೇ, ಅದನ್ನೇ ಒತ್ತು ಎಂದೆ. ಪಕ್ಕದಲ್ಲಿ ವಿವರ ಬರೆಯುವ ಜಾಗದಲ್ಲಿ, ಇವರು ತೀರಿಕೊಂಡಿದ್ದಾರೆ, ಹಾಗೆಂದು ದಾಖಲಿಸಿ ಎಂದು ಬರೆಸಿದೆ. ಯಾರಾದರೂ ಓದುತ್ತಾರೆ ಎಂದುಕೊಂಡೆ.

ಯಾರೂ ಓದಲಿಲ್ಲ. ಮರುಪರಿಶೀಲನೆಗೆ ಒಬ್ಬರು ಬಂದರು.

ಒಂದು ಶನಿವಾರ, ಮಗಳು ಮನೆಯಲ್ಲೇ ಇದ್ದಳು. ಬಂದವರು ವಯಸ್ಸಾದವರು. ಯಾವುದೋ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಈಗ ಈ ಏಜೆನ್ಸಿಗೆ ಓಡಾಡುವವರು. ಮಂಡಿ ನೋವು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದರು. ಮೊದಲು ಬೋರ್ಡಿನ ಫೋಟೋ ತೆಗೆದರು, ಆಮೇಲೆ ಕಂಪ್ಯೂಟರಿನದು, ಪುಸ್ತಕದ ಬೀರುವಿನದು. ವಕೀಲರು ಕುರ್ಚಿಯಲ್ಲಿ ಕುಳಿತಿರುವ ಒಂದು ಫೋಟೋ ಬೇಕು ಎಂದರು.

“ಸಾರ್ ಇಲ್ಲೈಯಾ ಮ್ಮಾ?” ಇಲ್ಲವೇ ಎಂದು ತಮಿಳಿನಲ್ಲಿ ಕೇಳಿದರು.

“ಅಲ್ಲಿದ್ದಾರೆ,” ಎಂದೆ.

ಕುರ್ಚಿಯ ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಚಿತ್ರ ನೋಡಿದರು. ಫೋನನ್ನು ಜೇಬಿಗೆ ಹಾಕಿಕೊಂಡು, ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕುಳಿತರು. ನೀರು ಕೇಳಿದರು. ಕೊಟ್ಟೆ. ನಡೆದದ್ದನ್ನೆಲ್ಲ ಮಗಳು ಹೇಳಿದಳು, ಅವರು ತಲೆಯಾಡಿಸುತ್ತ ಕೇಳಿದರು. ಅವರು ಕೆಟ್ಟ ಮನುಷ್ಯರಾಗಿದ್ದರೆ ನನಗೆ ಮುಂದಿನದು ಸುಲಭವಾಗುತ್ತಿತ್ತು.

ಒಂದು ದಾರಿ ಇದೆ ಎಂದರು. ಅವರು ಬದುಕಿದ್ದಾಗಿನ ತಾರೀಕು ಹಾಕಿ ಒಂದು ರಾಜೀನಾಮೆ ಪತ್ರ ಕೊಟ್ಟರೆ, ಅದು ಎಲ್ಲೋ ಕಳೆದುಹೋಗಿತ್ತು, ಈಗ ಸಿಕ್ಕಿತು ಎಂದು ನಾನೇ ಸೇರಿಸಿಬಿಡುತ್ತೇನೆ ಎಂದರು. ತೆಗೆದುಹಾಕಿದವರ ಪಟ್ಟಿಯಿಂದ ಹೆಸರು ಹೋಗುತ್ತದೆ, ತಾವಾಗಿ ಬಿಟ್ಟವರ ಪಟ್ಟಿಗೆ ಸೇರುತ್ತದೆ. ಅದು ಗೌರವದ್ದು.

“ಅವರ ಸಹಿ ನಿಮಗೆ ಬರೋದಿಲ್ವಾ ಮ್ಮಾ? ಇಷ್ಟು ವರ್ಷ ನೋಡಿದ್ದೀರಿ. ಯಾರಿಗೂ ನಷ್ಟ ಇಲ್ಲ.”

ಬರುತ್ತಿತ್ತು. ಮೊದಲ ಅಕ್ಷರವನ್ನು ದೊಡ್ಡದಾಗಿ ಸುತ್ತಿ, ಕೊನೆಯದನ್ನು ಬಾಲದಂತೆ ಎಳೆದು, ಕೆಳಗೆ ಎರಡು ಚುಕ್ಕೆ. ಕಣ್ಣು ಮುಚ್ಚಿ ಹಾಕುತ್ತಿದ್ದೆ. ನಾನೇ ಬಿಟ್ಟೆ ಅಂತ ಬೇಕಾದರೆ ಆಗಲಿ ಎಂದು ಅವರ ಬಾಯಲ್ಲೇ ಕೇಳಿದ್ದೆನಲ್ಲ. ಮಗಳು ನನ್ನ ತೋಳು ಮುಟ್ಟಿ, ಹಾಕಿಬಿಡಮ್ಮ, ಇಲ್ಲಿಗೆ ಮುಗಿಯಲಿ ಎಂದಳು. ಅವಳ ಮುಖ ಬಾಡಿತ್ತು. ಅವಳಿಗೂ ಅಪ್ಪನೇ ತಾನೆ.

ನಾನು ಆ ಮೇಜನ್ನು ನೋಡಿದೆ. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕಿದ ಕಾಗದಗಳನ್ನು ನಮ್ಮವರು ಬೆರಳಿನಿಂದ ದೂರ ತಳ್ಳುತ್ತಿದ್ದದ್ದು ಆ ಮೇಜಿನ ಮೇಲೆಯೇ. ಯಾರಿಗೂ ನಷ್ಟ ಇಲ್ಲ ಸಾರ್ ಎಂದು ಆ ತಮ್ಮಂದಿರೂ ಹೇಳುತ್ತಿದ್ದರು.

“ನಾನು ಹಾಕೋದಿಲ್ಲ,” ಎಂದೆ. “ಅವರು ಸತ್ತಿದ್ದಾರೆ ಅಂತ ಬರೀರಿ. ನಿಮಗೆ ಬರೆಯೋಕೆ ಜಾಗ ಎಲ್ಲಿದೆಯೋ ಅಲ್ಲಿ ಬರೀರಿ.”

ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ವಕೀಲರು ಇದ್ದಾರೆ, ವಕೀಲರು ಇಲ್ಲ. ಎರಡೇ. ಬೇಸರದಿಂದಲೇ ‘ಇಲ್ಲ’ ಎಂಬುದನ್ನು ಒತ್ತಿದರು. ಹೋಗುವಾಗ ಚಿತ್ರದ ಮುಂದೆ ನಿಂತು ಕೈ ಮುಗಿದರು. ನನಗೆ ಅದರಿಂದ ಸಿಟ್ಟು ಇಳಿಯಲಿಲ್ಲ, ಏರಿತು. ಒಬ್ಬೊಬ್ಬರೂ ಒಳ್ಳೆಯವರೇ. ಮ್ಯಾನೇಜರು ಒಳ್ಳೆಯ ಮಾತಿನವರು, ಅಧಿಕಾರಿ ಮೇಡಂ ಎಂದರು, ಇವರು ಕೈ ಮುಗಿದರು. ಇಷ್ಟು ಒಳ್ಳೆಯವರೆಲ್ಲ ಸೇರಿ ಒಬ್ಬ ನೆಟ್ಟಗಿನ ಮನುಷ್ಯನನ್ನು ಕಳ್ಳರ ನಡುವೆ ನಿಲ್ಲಿಸಿದ್ದರು.

ಕೆಲವು ದಿನಗಳ ಮೇಲೆ ನಮ್ಮವರ ಮೊಬೈಲಿಗೆ ಬ್ಯಾಂಕಿನಿಂದ ಕರೆ ಬಂತು. ಮನುಷ್ಯರ ಕರೆಯಲ್ಲ, ಯಂತ್ರದ್ದು. ನಿಮ್ಮ ಕೋರಿಕೆಯನ್ನು ಪೂರ್ಣಗೊಳಿಸಲಾಗಿದೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ ಎಂದು ಅವರ ಹೆಸರು ಹಿಡಿದು ಕೇಳಿತು. ಮಗಳಿಗೆ ಫೋನು ಮಾಡಿದೆ. ಅವಳು ಪಟ್ಟಿ ನೋಡಿ, “ಅಪ್ಪಾ ಪೇರೇ ಇಲ್ಲ ಮ್ಮಾ. ನಲ್ಲದು ದಾನೇ?” ಎಂದಳು. ಅಪ್ಪನ ಹೆಸರೇ ಇಲ್ಲ, ಒಳ್ಳೇದೇ ಆಯ್ತಲ್ಲ ಎಂದು. ನಾನೂ ಹಾಗೇ ಅಂದುಕೊಂಡೆ. ಅಂದು ಬಹಳ ದಿನಗಳ ಮೇಲೆ ಕಾಫಿಯ ರುಚಿ ತಿಳಿಯಿತು.

ಆ ಸಮಾಧಾನ ಮುಗಿಸಿದವರೂ ತಾಂಬರಂ ಮಾಸ್ತರೇ, ಪಾಪ. ಹೊಸ ಬ್ಯಾಂಕಿನವರು ಹಳೆಯ ಬ್ಯಾಂಕಿಗೆ ಮತ್ತೆ ಬರೆದು ಕೇಳಿದ್ದರು. ಈ ಹೆಸರಿನ ವಕೀಲರು ನಮ್ಮ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂದಿತ್ತು. ‘ವಕೀಲರು ಇಲ್ಲ’ ಎಂದು ಒತ್ತಿದ್ದಕ್ಕೆ, ತೆಗೆದುಹಾಕಿದವರ ಪಟ್ಟಿಯಿಂದ ಮಾತ್ರವಲ್ಲ, ಎಲ್ಲ ಪಟ್ಟಿಗಳಿಂದಲೂ ಅಳಿಸಿಬಿಟ್ಟಿದ್ದರು. ಬಾಗಿಲಿಗಾಗಿ ಕಿಟಕಿ ಒಡೆಸಿದವರು, ಗೆಳೆಯನ ಹೆಂಡತಿಯನ್ನು ಬರಿಗೈಯಲ್ಲಿ ಕಳಿಸಿದವರು, ಸೂಜಿ ಚುಚ್ಚಿದ ಕೈ ಅಲುಗದ ಹಾಗೆ ಇನ್ನೊಂದು ಕೈಯಲ್ಲಿ ಬಾಂಡಿಗೆ ಸಹಿ ಹಾಕಿದವರು ಅಲ್ಲಿ ಯಾವತ್ತೂ ಇರಲೇ ಇಲ್ಲ.

ತಿರುವೊಟ್ಟಿಯೂರಿನ ಆ ದೊಡ್ಡ ಮಗಳಿಗೆ ಅವಳ ಮನೆಯವರು ಮಾಡಿದ್ದನ್ನೇ ಬ್ಯಾಂಕು ಇವರಿಗೆ ಮಾಡಿತು. ಅವಳನ್ನು ಹುಡುಕಿಕೊಂಡು ಬೀದಿಗೆ ಹೋಗಲು ಇವರಿದ್ದರು. ಇವರಿಗೆ ನಾನಿದ್ದೇನೆ, ಅಷ್ಟೇ.

ಹೊಸ ಬ್ಯಾಂಕಿನ ಪ್ಯಾನೆಲ್ ವಕೀಲರು ಒಬ್ಬ ಹೆಂಗಸು. ಮಾಸ್ತರು ಅವರ ಆಫೀಸಿನಲ್ಲಿ ಕುಳಿತೇ ನನಗೆ ಫೋನು ಮಾಡಿ, ಅವರ ಕೈಗೆ ಕೊಟ್ಟರು. ಆಕೆ ಇವರ ಹಳೆಯ ಅಭಿಪ್ರಾಯವನ್ನು ಪೂರ್ತಿ ಓದಿದ್ದೇನೆ ಎಂದರು.

“ಅಮ್ಮಾ, ಆ ಮನೆಯ ಹೆಣ್ಣುಮಕ್ಕಳ ಸಹಿ ಎಲ್ಲಾ ಇದೆ. ಒಬ್ಬರು ಮಧುರೈನಲ್ಲಿದ್ದವರದ್ದೂ ಅವರು ತರಿಸಿದ್ದಾರೆ. ನಾನು ಹೊಸದಾಗಿ ನೋಡೋಕೆ ಏನೂ ಉಳಿಸಿಲ್ಲ. ಸಾಲಕ್ಕೆ ತೊಂದರೆ ಆಗಲ್ಲ, ನಾನೇ ಬೇರೆ ಬರೆದುಕೊಡ್ತೀನಿ. ಆದರೆ ಅವರ ಹೆಸರನ್ನ ನಾನು ಅದರಲ್ಲಿ ಹಾಕೋ ಹಾಗಿಲ್ಲ. ಪಟ್ಟಿಯಲ್ಲಿ ಇಲ್ಲದವರ ಹೆಸರು ಹಾಕಿದರೆ ನನ್ನನ್ನ ತೆಗೀತಾರೆ.”

ಆಕೆಯ ಮೇಲೆ ನಾನು ಏನು ಕೋಪ ಮಾಡಿಕೊಳ್ಳಲಿ. ಆಕೆಗೂ ಎಲ್ಲೋ ಒಂದು ಬೋರ್ಡು, ಒಂದು ಬೇರೆ ಬಾಗಿಲು ಇರಬೇಕು. ಸರಿಯಮ್ಮ, ಹಾಕಬೇಡಿ ಎಂದೆ. ಫೋನು ಇಡುವ ಮೊದಲು ಆಕೆ, ಸಹಿ ಚೆನ್ನಾಗಿದೆ, ಹೆಸರನ್ನು ಕಾಗದದಲ್ಲಿ ಓದಿದ್ದಷ್ಟೇ, ನಿಮ್ಮ ಬಾಯಲ್ಲಿ ಹೇಳಿ, ಯಾರು ಇವರು ಎಂದು ಕೇಳಿದರು. ದಾಖಲೆಗಲ್ಲ, ತನಗೆ ತಿಳಿದುಕೊಳ್ಳಬೇಕು ಎಂದರು.

ಈ ಸಲ ನಾಲಿಗೆ ತಡೆಯಲಿಲ್ಲ. ಹೆಸರು ಹೇಳಿದೆ. ಅವರ ತಂದೆಯ ಹೆಸರು ಹೇಳಿದೆ. ನನ್ನ ಯಜಮಾನರು, ಆ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದರು, ತೆಗೆದದ್ದಲ್ಲ, ತೀರಿಕೊಂಡರು ಎಂದೆ. ನನ್ನ ಧ್ವನಿ ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿತ್ತು. ಆ ಕಡೆಯಿಂದ ಆಕೆ ಹೆಸರನ್ನು ಒಮ್ಮೆ ತಾವೂ ಹೇಳಿ ನೋಡಿದರು.

ಬೋರ್ಡು ಇನ್ನೂ ಬಾಗಿಲಲ್ಲಿದೆ. ತೆಗೆಯಲೇನಮ್ಮ ಎಂದು ಮಗಳು ಆಗಾಗ ಕೇಳುತ್ತಾಳೆ. ತೆಗೆಯುವ ಕೆಲಸ ಬ್ಯಾಂಕಿನವರದ್ದು, ನಮ್ಮದಲ್ಲ ಎನ್ನುತ್ತೇನೆ. ಬೀದಿಯ ಹೊಸಬರು ಬೋರ್ಡು ನೋಡಿ, ವಕೀಲರಿದ್ದಾರಾ ಎಂದು ಮೆಟ್ಟಿಲು ಹತ್ತಿ ಬರುವುದುಂಟು. ಇಲ್ಲ, ತೀರಿಕೊಂಡರು ಎಂದು ಹೇಳಿ, ಅವರ ಹೆಸರನ್ನೂ ಹೇಳಿ ಕಳಿಸುತ್ತೇನೆ. ಇಲ್ಲಿ ಮಾತ್ರ ಬರೆಯುವುದಿಲ್ಲ. ಬರೆದದ್ದನ್ನು ಎಷ್ಟು ಸುಲಭವಾಗಿ ಅಳಿಸುತ್ತಾರೆ ಎಂದು ನೋಡಿದ್ದೇನೆ.